ಕಡೀ ಸಾಲಿಗೆ ಮಾತು ಮುಟ್ಟಬೇಕು

(ಸಂಘದ ಹುಡುಗರಿಗಾಗಿ ನಡೆದ ಧ್ವನಿವರ್ಧಕ ತರಬೇತಿಯ ದಿನ ಆಡಿದ ಮಾತುಗಳ ಬರಹರೂಪ)



ಭಾಷಣ ಮಾಡೋದು ನನ್ನ ಕೆಲಸ ಅಲ್ಲ. ಭಾಷಣ ಮಾಡೋರ ಮುಂದ ಮೈಕ್ ಇಡೋದು ನನ್ನ ಕೆಲಸ. ಇಷ್ಟು ವರ್ಷ ಮಿಕ್ಸರ್ ಹಿಂದ ಕೂತವನನ್ನ ಇವತ್ತು ಮೈಕಿನ ಮುಂದ ನಿಲ್ಲಿಸೀರಿ. ತಪ್ಪಿದರ ನಗಬ್ಯಾಡ್ರಿ, ತಿದ್ದರಿ.

ಮೊದಲು ನನ್ನ ಒಂದು ತಪ್ಪಿನ ಕಥಿ ಹೇಳ್ತೀನಿ. ಕೆಲವು ವರ್ಷದ ಹಿಂದ ಆಗಸ್ಟ್ 1ಕ್ಕ ಅಣ್ಣಾಭಾವು ಸಾಠೆ ಜಯಂತಿ ಇತ್ತು. ನಮ್ಮ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಸಮಾಜ ಮಂದಿರದ ಮುಂದಿನ ಬಯಲಿನಲ್ಲಿ ಸಭೆ. ಜನ ಚಲೋ ಕೂಡಿತ್ತು. ವೇದಿಕೆಯ ಎರಡು ಬದಿಗೆ ನಮ್ಮ ದೊಡ್ಡ ಬಾಕ್ಸು ಇಟ್ಟಿದ್ದೆ. ಹಿಂದ ಕೂತ ಹೆಣ್ಣುಮಕ್ಕಳಿಗೆ ಕೇಳಿಸಲಿ ಅಂತ, ದೂರದ ಬೇವಿನ ಗಿಡಕ್ಕ ಎರಡು ಭೋಂಗಾ ಕಟ್ಟಿ ಅದೇ ಲೈನಿಗೆ ಜೋಡಿಸಿದ್ದೆ. ದನಿ ಜೋರಾಗಿ ಬರ್ತಿತ್ತು. ‘ಏನು ಸೌಂಡ್ ಬಿಟ್ಟಿಯಪ್ಪಾ’ ಅಂತ ಮುಂದ ಕೂತ ಗೆಳೆಯರು ಬೆನ್ನು ತಟ್ಟಿದ್ರು. ನಾನೂ ಉಬ್ಬಿದ್ದೆ.

ಭಾಷಣದ ನಡುವೆ ಒಬ್ಬ ಮಾಸ್ತರು ಹೆಣ್ಣುಮಕ್ಕಳ ವಸತಿಗೃಹದ ಅರ್ಜಿಯ ಬಗ್ಗೆ ಹೇಳಿದರು. ಯಾವ ಕಾಗದ ಬೇಕು, ಎಲ್ಲಿ ಕೊಡಬೇಕು, ಕಡೀ ದಿನ ಯಾವುದು, ಎಲ್ಲ ಹೇಳಿದರು. ಕಡೀ ದಿನ ಹದಿನಾಲ್ಕು. ಬೇವಿನ ಗಿಡದ ಬುಡಕ್ಕ ಕೂತಿದ್ದ ನಮ್ಮ ಓಣಿಯ ಒಬ್ಬ ಅಜ್ಜಿ ಹದಿನೇಳು ಅಂತ ಕೇಳಿಸಿಕೊಂಡಳು. ಮೊಮ್ಮಗಳ ಕಾಗದಪತ್ರ ಎಲ್ಲಾ ಕೂಡಿಸಿ, ಝೆರಾಕ್ಸ್ ಮಾಡಿಸಿ, ಹದಿನೇಳಕ್ಕ ಹೋದಳು. ಅಷ್ಟೊತ್ತಿಗೆ ಅರ್ಜಿ ತಗೊಳ್ಳೋದು ಮುಗಿದಿತ್ತು. ಆ ಹುಡುಗಿ ಒಂದು ವರ್ಷ ಬಸ್ಸಿಗೆ ಓಡಾಡಿ ಓದಿದಳು. ಬಸ್ಸು ತಪ್ಪಿದ ದಿನ ಕಾಲೇಜೂ ತಪ್ತು.

ಅಜ್ಜಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಒಂದೇ ಮಾತು ಅಂದಳು: ‘ತಮ್ಮಾ, ನಿನ್ನ ಭೋಂಗಾದಾಗ ಗದ್ದಲ ಕೇಳಿಸ್ತು, ಮಾತು ಕೇಳಿಸಲಿಲ್ಲ.’

ನಾನು ಇವತ್ತು ಹೇಳೋದೆಲ್ಲ ಆ ಒಂದು ಮಾತಿನ ವಿವರಣೆ ಅಷ್ಟೇ. ಗದ್ದಲ ಬೇರೆ, ಮಾತು ಬೇರೆ. ಗದ್ದಲ ಮಾಡಲಿಕ್ಕೆ ರೊಕ್ಕ ಸಾಕು. ಮಾತು ಮುಟ್ಟಿಸಲಿಕ್ಕೆ ಅಳತಿ ಬೇಕು.

ಮರುದಿನ ಟೇಪು ಹಿಡಿದು ಆ ಬಯಲು ಅಳೆದೆ. ವೇದಿಕೆಯ ಬಾಕ್ಸಿನಿಂದ ಬೇವಿನ ಗಿಡಕ್ಕ 130 ಅಡಿ, ಅಂದರೆ ಸುಮಾರು 40 ಮೀಟರ್. ಈಗ ನೀವೇ ಲೆಕ್ಕ ಹಾಕ್ರಿ. ವಾಯರಿನೊಳಗ ಕರೆಂಟು ಹೋಗೋದು ಕಣ್ಣು ಮಿಟುಕಿಸೋದಕ್ಕಿಂತ ಬೇಗ. ಭೋಂಗಾಕ್ಕೆ ಸಿಗ್ನಲ್ ತಕ್ಷಣ ಮುಟ್ಟುತ್ತದೆ. ಆದರೆ ವೇದಿಕೆಯ ಬಾಕ್ಸಿನಿಂದ ಹೊರಟ ದನಿ ಗಾಳಿಯೊಳಗ ನಡೆದುಕೊಂಡು ಬರಬೇಕು. ಗಾಳಿ 30 ಡಿಗ್ರಿ ಬಿಸಿ ಇದ್ದಾಗ ದನಿಯ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. 40 ಮೀಟರ್ ನಡೆಯಲಿಕ್ಕೆ ಅದಕ್ಕ ಸುಮಾರು 115 ಮಿಲಿಸೆಕೆಂಡ್ ಬೇಕು. ಮಿಲಿಸೆಕೆಂಡ್ ಅಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು.

115 ಮಿಲಿಸೆಕೆಂಡ್ ಅಂದರೆ ಏನು ಮಹಾ ಅಂತೀರಿ? ಮನುಷ್ಯ ಮಾತಾಡುವಾಗ ಒಂದು ಸೆಕೆಂಡಿಗೆ ಐದಾರು ಅಕ್ಷರ ಆಡ್ತಾನೆ. ಅಂದರೆ ಒಂದು ಅಕ್ಷರಕ್ಕ ಇನ್ನೂರು ಮಿಲಿಸೆಕೆಂಡಿಗಿಂತ ಕಡಿಮೆ. ತಲೆ ಮೇಲಿನ ಭೋಂಗಾ ‘ನಾಲ್’ ಅಂದು ‘ಕು’ಗೆ ಹೋಗುವ ಹೊತ್ತಿಗೆ ಮುಂದಿನ ಬಾಕ್ಸಿನ ‘ನಾಲ್’ ಬಂದು ಅದರ ಮೇಲೆ ಬೀಳ್ತದ. ಪ್ರತಿ ಅಕ್ಷರದ ಮೇಲೆ ಅದರ ಹಿಂದಿನ ಅಕ್ಷರ ಕೂತುಕೊಳ್ತದ. ಅಜ್ಜಿಯ ಕಿವಿ ಚಲೋ ಇತ್ತು. ಕೆಟ್ಟದ್ದು ನನ್ನ ಜೋಡಣೆ. ನಾನು ಭೋಂಗಾ ಕಟ್ಟದೆ ಇದ್ದಿದ್ದರೆ ಆಕೆಗೆ ಸಣ್ಣಗಾದರೂ ಸರಿಯಾಗಿ ಕೇಳಿಸ್ತಿತ್ತೋ ಏನೋ.

ಇಲ್ಲಿ ಒಂದು ಮಾತು ಸೇರಿಸಬೇಕು. ಹಿಂದಿನ ಸಾಲು ಅನ್ನೋದು ನಮ್ಮ ಜನಕ್ಕ ಹೊಸದಲ್ಲ. ಬಾಬಾಸಾಹೇಬರು ಶಾಲೆಗೆ ಹೋಗುವಾಗ ಮನೆಯಿಂದ ಗೋಣಿತಟ್ಟು ಒಯ್ದು, ಬೇರೆ ಮಕ್ಕಳಿಂದ ದೂರ ಅದರ ಮೇಲೆ ಕೂತು ಪಾಠ ಕೇಳಬೇಕಾಗಿತ್ತು. ಅದನ್ನ ಅವರೇ ಬರೆದಿಟ್ಟಾರ. ನಮ್ಮ ಹಿರಿಯರೂ ಗುಡಿಯ ಹೊರಗ, ಕಟ್ಟಿಯ ಕೆಳಗ ನಿಂತು, ದೂರದಿಂದ ಬಂದಷ್ಟು ಮಾತು ಕೇಳಿ ಹೋದವರು. ಈಗ ಸಭೆ ನಮ್ಮದು, ವೇದಿಕೆ ನಮ್ಮದು, ಮೈಕ್ ನಮ್ಮದು. ಆದರೂ ನಮ್ಮ ಸಭೆಯಲ್ಲೇ ಹಿಂದ ಕೂತ ಅಜ್ಜಿಗೆ ಮಾತು ಮುಟ್ಟಲಿಲ್ಲ ಅಂದರೆ, ಅದನ್ನ ಬರೀ ಮಶೀನಿನ ತಪ್ಪು ಅಂತ ನಾನು ಬಿಡಲಾರೆ. ಹಿಂದ ಯಾರು ಕೂತಾರ ಅಂತ ನಾನು ನೋಡಿರಲಿಲ್ಲ.

ಈಗ ಕೆಲಸದ ಮಾತಿಗೆ ಬರೋಣ. ಒಂದೊಂದಾಗಿ ಹೇಳ್ತೀನಿ. ಪೆನ್ನು ಇದ್ದವರು ಬರಕೊಳ್ರಿ.

ಮೊದಲನೇದು, ಜೋರು ಮತ್ತು ದೂರ. ಬಯಲಿನಲ್ಲಿ ಬಾಕ್ಸಿನಿಂದ ದೂರ ಎರಡು ಪಟ್ಟು ಆದ ಹಾಂಗ ದನಿ 6 ಡೆಸಿಬಲ್ ಇಳೀತದ. 10 ಅಡಿ ದೂರದಲ್ಲಿ 100 ಡೆಸಿಬಲ್ ಇದ್ದರೆ 20 ಅಡಿಗೆ 94, 40 ಅಡಿಗೆ 88, 80 ಅಡಿಗೆ 82, 160 ಅಡಿಗೆ 76. ಹಿಂದಿನವರಿಗೆ ಇನ್ನೂ 6 ಡೆಸಿಬಲ್ ಬೇಕು ಅಂತ ವಾಲ್ಯೂಮ್ ತಿರುವಿದರೆ ಆಂಪ್ಲಿಫೈಯರಿನ ಪವರು ನಾಲ್ಕು ಪಟ್ಟು ಬೇಕು. 500 ವ್ಯಾಟಿನ ಜಾಗಕ್ಕ 2000 ವ್ಯಾಟ್. ಆಗ ಹಿಂದಿನ ಅಜ್ಜಿಗೆ 76 ಇದ್ದದ್ದು 82 ಆಯ್ತು, ಸರಿ. ಮುಂದಿನ ಸಾಲಿನಲ್ಲಿ ಕೂತ ಸಣ್ಣ ಮಕ್ಕಳಿಗೆ 106 ಆಯ್ತು. ಹಿಂದಿನವರ ಸಲುವಾಗಿ ಮುಂದಿನವರ ಕಿವಿ ಹೊಡೆದ ಹಾಂಗ ಆಯ್ತು.

ಇದಕ್ಕ ಖರ್ಚಿಲ್ಲದ ಉಪಾಯ ಒಂದದ. ಬಾಕ್ಸನ್ನ ನೆಲದ ಮೇಲೆ ಇಡಬ್ಯಾಡ್ರಿ. ಹತ್ತು-ಹನ್ನೆರಡು ಅಡಿ ಎತ್ತರಕ್ಕ ಏರಿಸಿ, ಅದರ ಬಾಯಿ ಹಿಂದಿನ ಸಾಲುಗಳ ಕಡೆ ಇರುವ ಹಾಂಗ ಸ್ವಲ್ಪ ಬಗ್ಗಿಸ್ರಿ. ಆಗ ಮುಂದ ಕೂತವನಿಗೂ ಬಾಕ್ಸು ದೂರ ಆಗ್ತದ, ದನಿಯ ನಡುಧಾರೆ ಅವನ ತಲೆ ಮೇಲೆ ಹಾದು ಹಿಂದ ಹೋಗ್ತದ. ಮುಂದಿಗೂ ಹಿಂದಿಗೂ ಇರೋ ಫರಕು ತಾನಾಗೇ ಕಡಿಮೆ ಆಗ್ತದ. ನೆಲದ ಮೇಲಿಟ್ಟ ಬಾಕ್ಸಿನ ತೀಕ್ಷ್ಣ ದನಿ ಮುಂದಿನ ನಾಲ್ಕು ಸಾಲಿನ ಜನರ ಮೈಗೆ ಬಡಿದು ಅಲ್ಲೇ ಮುಗೀತದ. ಕ, ತ, ಪ, ಸ ಅನ್ನೋ ವ್ಯಂಜನಗಳನ್ನ ಗುರುತಿಸೋದು ಸುಮಾರು 1000ದಿಂದ 4000 ಹರ್ಟ್ಸ್ ನಡುವಿನ ದನಿಯಿಂದ. ಅದೇ ಮೊದಲು ಸಾಯ್ತದ. ಹಿಂದಿನವರಿಗೆ ಆ, ಈ, ಊ ಅನ್ನೋ ಸ್ವರದ ಗುಂಯ್ ಮಾತ್ರ ಉಳೀತದ. ಒಂದು ಎಚ್ಚರ: ಮೇಲೆ ಏರಿಸಿದ ಬಾಕ್ಸನ್ನ ಗಟ್ಟಿ ಸ್ಟ್ಯಾಂಡಿಗೆ ಬಿಗಿಯಾಗಿ ಕಟ್ರಿ. ಕೆಳಗ ಜನ ಕೂತಿರ್ತಾರ.

ಎರಡನೇದು, ಪ್ಲಸ್-ಮೈನಸ್. ಎರಡು ಬೇಸ್ ಬಾಕ್ಸು ಅಕ್ಕಪಕ್ಕ ಇಟ್ಟೀರಿ. ಒಂದರ ವಾಯರು ಉಲ್ಟಾ ಆಗ್ಯದ. ಒಂದರ ಕೋನ್ ಮುಂದ ಬರುವಾಗ ಇನ್ನೊಂದರದ್ದು ಹಿಂದ ಹೋಗ್ತದ. ಒಂದು ಗಾಳಿ ನೂಕ್ತದ, ಇನ್ನೊಂದು ಎಳೀತದ. ಎರಡು ಬಾಕ್ಸಿನ ಬಾಡಿಗಿ ಕೊಟ್ಟು ಒಂದರಷ್ಟೂ ಬೇಸ್ ಸಿಗಂಗಿಲ್ಲ. ಆಗ ನಮ್ಮ ಹುಡುಗರು ಏನು ಮಾಡ್ತಾರ? ಮೂರನೇ ಬಾಕ್ಸು ತರ್ತಾರ!

ಇದನ್ನ ಹಿಡಿಯಲಿಕ್ಕೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲು ಸಾಕು. ಬಾಕ್ಸನ್ನ ಆಂಪ್ಲಿಫೈಯರಿನಿಂದ ಬಿಚ್ಚಿ, ಸೆಲ್ಲಿನ ಪ್ಲಸ್ಸನ್ನ ಬಾಕ್ಸಿನ ಪ್ಲಸ್ಸಿಗೆ, ಮೈನಸ್ಸನ್ನ ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸ್ರಿ. ಕೋನ್ ಮುಂದ ಬಂದರೆ ಸಾಮಾನ್ಯವಾಗಿ ಸರಿ ಅದ. ಮುಖ್ಯ ಏನಂದರೆ ಒಂದೇ ನಮೂನಿ ಬಾಕ್ಸುಗಳೆಲ್ಲ ಒಂದೇ ದಿಕ್ಕಿಗೆ ಅಲುಗಬೇಕು. ಈ ಪರೀಕ್ಷೆ ದೊಡ್ಡ ಕೋನಿಗೆ ಮಾತ್ರ. ಭೋಂಗಾದ ಯುನಿಟ್ಟಿಗೆ, ಟ್ವೀಟರಿಗೆ ಸೆಲ್ಲು ಹಚ್ಚಬ್ಯಾಡ್ರಿ, ಅದರ ಪರದೆ ಸೂಕ್ಷ್ಮ ಇರ್ತದ. ವಾಯರು ಸರಿ ಅಂತ ಆದಮೇಲೆ ಅದಕ್ಕ ಬಣ್ಣದ ಟೇಪು ಸುತ್ತಿ ಗುರುತು ಮಾಡ್ರಿ. ಮುಂದಿನ ಜಯಂತಿಗೆ ನಿಮ್ಮ ತಮ್ಮ ಕತ್ತಲಲ್ಲಿ ಜೋಡಿಸುವಾಗ ಅದು ಅವನ ಕೈ ಹಿಡೀತದ.

ಮೂರನೇದು, ನನ್ನ ತಪ್ಪಿಗೆ ಔಷಧ. ಅದಕ್ಕ ಡಿಲೇ ಅಂತಾರ, ಅಂದರೆ ಕಾಯಿಸೋದು. ಹಿಂದಿನ ಭೋಂಗಾಕ್ಕ ಹೋಗೋ ಸಿಗ್ನಲ್ಲನ್ನ ಬೇಕಂತಲೇ ತಡೆದು, ಮುಂದಿನ ಬಾಕ್ಸಿನ ದನಿ ನಡೆದು ಬರುವ ತನಕ ಕಾಯಿಸಬೇಕು. ಈಗಿನ ಡಿಜಿಟಲ್ ಮಿಕ್ಸರ್‌ಗಳ ಔಟ್‌ಪುಟ್‌ನಲ್ಲಿ, ಬಾಕ್ಸು ನಡೆಸುವ ಪ್ರೊಸೆಸರ್‌ಗಳಲ್ಲಿ ಬಹಳಷ್ಟಕ್ಕ ಈ ಸೌಲಭ್ಯ ಇರ್ತದ. ಎಷ್ಟು ಕಾಯಿಸಬೇಕು? ಅಡಿಯಿಂದ ಮೀಟರ್ ಮಾಡಿ, ಮೀಟರಿಗೆ 2.9 ಮಿಲಿಸೆಕೆಂಡಿನಂತೆ ಗುಣಿಸಿರಿ. ನಮ್ಮ 40 ಮೀಟರಿಗೆ ಸುಮಾರು 115 ಬಂತು. ಅದರ ಮೇಲೆ ಇನ್ನೂ 10-15 ಮಿಲಿಸೆಕೆಂಡ್ ಸೇರಿಸ್ರಿ.

ಮೇಲಿನ ಹದಿನೈದು ಯಾಕೆ? ಅದರ ಹಿಂದ ಕಿವಿಯ ಒಂದು ಗುಣ ಅದ. ಒಂದೇ ದನಿ ಎರಡು ಕಡೆಯಿಂದ ಸ್ವಲ್ಪ ಅಂತರದಲ್ಲಿ ಬಂದರೆ, ಮೊದಲು ಬಂದ ಕಡೆಯಿಂದಲೇ ದನಿ ಬಂತು ಅಂತ ಕಿವಿ ತಿಳಕೊಳ್ತದ. ಎರಡನೇದು ಮೊದಲನೇದಕ್ಕ ಬಲ ಕೊಡ್ತದ, ಬೇರೆಯಾಗಿ ಕೇಳಿಸಂಗಿಲ್ಲ. ಜರ್ಮನಿಯ ಹೆಲ್ಮುಟ್ ಹಾಸ್ ಅನ್ನೋರು 1949ರಲ್ಲಿ ಇದರ ಮೇಲೆ ಪ್ರಬಂಧ ಬರೆದರು. ಅದಕ್ಕೇ ಇದನ್ನ ಹಾಸ್ ಪರಿಣಾಮ ಅಂತಾರ. ಆ ಅಂತರ ಸುಮಾರು 30 ಮಿಲಿಸೆಕೆಂಡಿನ ಒಳಗಿದ್ದರೆ ಚಲೋ. 50 ದಾಟಿದರೆ ಮಾತು ಎರಡಾಗಲಿಕ್ಕೆ ಶುರು ಆಗ್ತದ. ಹದಿನೈದು ಸೇರಿಸಿದಾಗ ಅಜ್ಜಿಗೆ ಮೊದಲು ವೇದಿಕೆಯ ದನಿ ಮುಟ್ತದ, ಹಿಂದೆಯೇ ಭೋಂಗಾ ಅದನ್ನ ಎತ್ತಿ ಹಿಡೀತದ. ಆಕೆಗೆ ಭೋಂಗಾ ಇದೆ ಅನ್ನೋದೇ ಗೊತ್ತಾಗಂಗಿಲ್ಲ. ವೇದಿಕೆ ಮೇಲಿನ ಮನುಷ್ಯನೇ ಹತ್ತಿರ ಬಂದು ಮಾತಾಡಿದ ಹಾಂಗ ಇರ್ತದ.

ಒಂದು ಸುಲಭದ ಲೆಕ್ಕ ಹೇಳ್ತೀನಿ, ನೆನಪಿಡ್ರಿ. ಅಡಿಗೆ ಒಂದು ಮಿಲಿಸೆಕೆಂಡ್. ಖರೇ ಲೆಕ್ಕಕ್ಕ ಅಡಿಗೆ 0.87 ಮಾತ್ರ ಆಗ್ತದ. ಆದರೆ 100ರಿಂದ 150 ಅಡಿ ದೂರಕ್ಕ ಆ ಹೆಚ್ಚಿನದೇ 13ರಿಂದ 19 ಮಿಲಿಸೆಕೆಂಡ್ ಆಗ್ತದ, ಅಂದರೆ ನಮಗೆ ಬೇಕಾದ ಹದಿನೈದರ ಆಸುಪಾಸು. 130 ಅಡಿಗೆ 130 ಮಿಲಿಸೆಕೆಂಡ್ ಹಾಕ್ರಿ, ಕೆಲಸ ಆಯ್ತು. ಅದಕ್ಕಿಂತ ದೂರ ಇದ್ದರೆ ಮಾತ್ರ ಸರಿಯಾಗಿ ಗುಣಾಕಾರ ಮಾಡ್ರಿ.

ಡಿಲೇ ಕೊಡುವ ಮಶೀನು ಇಲ್ಲ ಅಂದರೆ? ಹಾಂಗಿದ್ದರೆ ದೂರದ ಗಿಡಕ್ಕ ಭೋಂಗಾ ಕಟ್ಟಲೇಬ್ಯಾಡ್ರಿ. ಎಲ್ಲ ಬಾಕ್ಸು ವೇದಿಕೆಯ ಹತ್ತಿರವೇ, ಒಂದಕ್ಕೊಂದು ಮೂವತ್ತು-ಮೂವತ್ತೈದು ಅಡಿಯೊಳಗೇ ಇರಲಿ. ಎತ್ತರಕ್ಕ ಏರಿಸಿ ಹಿಂದಕ್ಕ ಮುಖ ಮಾಡ್ರಿ. ಜನರನ್ನ ಮುಂದಕ್ಕ ಒತ್ತಾಗಿ ಕೂಡಿಸ್ರಿ. ಇದಕ್ಕೂ ರೊಕ್ಕ ಬೇಕಿಲ್ಲ.

ಬಿಸಿಲಿನದ್ದೂ ಒಂದು ಮಾತು. ಏಪ್ರಿಲ್ 14ಕ್ಕ ನಮ್ಮ ಕಡೆ ಬಿಸಿಲು ಹೆಂಗಿರ್ತದ ನಿಮಗೇ ಗೊತ್ತು. ಗಾಳಿ ಬಿಸಿ ಆದಷ್ಟು ದನಿ ಬೇಗ ಓಡ್ತದ. 20 ಡಿಗ್ರಿಗೆ ಸೆಕೆಂಡಿಗೆ 343 ಮೀಟರ್ ಇದ್ದದ್ದು 40 ಡಿಗ್ರಿಗೆ 355 ಆಗ್ತದ. ಮಧ್ಯಾಹ್ನ 40 ಡಿಗ್ರಿಯಲ್ಲಿ ಕೂಡಿಸಿದ ಡಿಲೇ, ರಾತ್ರಿ 25 ಡಿಗ್ರಿಗೆ ಇಳಿದಾಗ 200 ಅಡಿಯಲ್ಲಿ ನಾಲ್ಕೈದು ಮಿಲಿಸೆಕೆಂಡ್ ತಪ್ಪಿರ್ತದ. ಮಾತಿಗೆ ಇದು ದೊಡ್ಡದಲ್ಲ, ನಾವು ಸೇರಿಸಿದ ಹದಿನೈದರೊಳಗ ಅದು ಹೊಂದ್ತದ. ಆದರೂ ಸಭೆ ಶುರುವಾಗೋ ಮೊದಲು ಹಿಂದ ಹೋಗಿ ಇನ್ನೊಮ್ಮೆ ಕೇಳಿ ಬರ್ರಿ.

ನಾಲ್ಕನೇದು, ಹಾಡಿನ ಸಲುವಾಗಿ. ಭೀಮಗೀತೆಗೆ ಬೇಸ್ ಬೇಕು, ಬ್ಯಾಡ ಅನ್ನಂಗಿಲ್ಲ. ಆದರೆ ಬೇಸ್ ಬಾಕ್ಸಿಗೂ ಮೇಲಿನ ಟಾಪಿಗೂ ಹೊಂದಾಣಿಕಿ ಇರಬೇಕು. ಕೆಳಗಿನ ದನಿ ಬೇಸಿಗೆ, ಮೇಲಿನ ದನಿ ಟಾಪಿಗೆ ಅಂತ ಹಂಚುವ ಗಡಿ ಬಹಳ ಕಡೆ 80ರಿಂದ 100 ಹರ್ಟ್ಸ್ ಆಸುಪಾಸು ಇರ್ತದ. 90 ಹರ್ಟ್ಸಿನ ದನಿಯ ಒಂದು ಅಲೆ ಸುಮಾರು 3.9 ಮೀಟರ್ ಉದ್ದ. ಬೇಸು ಟಾಪಿಗಿಂತ ಎರಡು ಮೀಟರ್ ಮುಂದ ಇದ್ದರೆ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಕೂಡ್ತದ. ಅಷ್ಟೂ ಗಡಿಯ ದನಿ ಮಾಯ. ಢೋಲಿನ ಏಟು ಟೊಳ್ಳು ಕೇಳಿಸ್ತದ. ಗಡಿಯಲ್ಲಿ ಇದ್ದವರ ಕಷ್ಟ ನಮಗಿಂತ ಚಲೋ ಯಾರಿಗೆ ಗೊತ್ತು? ಈ ಕಡೆಯವರು ಆ ಕಡೆಯವರು ಅಂತಾರ, ಆ ಕಡೆಯವರು ಈ ಕಡೆಯವರು ಅಂತಾರ!

ಇದನ್ನ ಸರಿ ಮಾಡೋ ರೀತಿ ಕೇಳ್ರಿ. ಮೊದಲು ಟೇಪಿನಿಂದ ಎರಡರ ದೂರ ಅಳೆದು, ಮುಂದಿರೋದಕ್ಕ ಅಷ್ಟು ಡಿಲೇ ಕೊಡ್ರಿ. ಆಮೇಲೆ ಮೊಬೈಲಿನ ಟೋನ್ ಆ್ಯಪಿನಿಂದ 90 ಹರ್ಟ್ಸಿನ ದನಿ ಸಣ್ಣಗೆ ಬಿಡ್ರಿ. ಬೇಸಿನ ದನಿ, ಟಾಪಿನ ದನಿ ಎರಡೂ ಒಂದೇ ಮಟ್ಟಕ್ಕ ಇರಲಿ. ಈಗ ಬೇಸಿನ ಪ್ಲಸ್-ಮೈನಸ್ಸನ್ನ ಪ್ರೊಸೆಸರಿನಲ್ಲಿ ಬೇಕಂತಲೇ ಉಲ್ಟಾ ಮಾಡ್ರಿ. ಜನ ಕೂಡುವ ಜಾಗದ ನಡುವೆ ಒಬ್ಬರು ನಿಲ್ರಿ. ಡಿಲೇಯನ್ನ ಸ್ವಲ್ಪ ಸ್ವಲ್ಪ ಹಿಂದ ಮುಂದ ಮಾಡ್ತಾ, ದನಿ ಎಲ್ಲಕ್ಕಿಂತ ಕಡಿಮೆ ಆಗೋ ಜಾಗ ಹುಡುಕ್ರಿ. ಸಿಕ್ಕ ಮೇಲೆ ಉಲ್ಟಾ ಮಾಡಿದ್ದನ್ನ ಸರಿ ಮಾಡ್ರಿ. ಎಲ್ಲಿ ಪೂರಾ ಕಳೆದಿತ್ತೋ ಅಲ್ಲೇ ಈಗ ಪೂರಾ ಕೂಡ್ತದ. ಟೇಪಿನ ಅಳತಿ ಮೊದಲು ಯಾಕಂದ್ರ, 90 ಹರ್ಟ್ಸಿನ ಒಂದು ಅಲೆಗೆ 11 ಮಿಲಿಸೆಕೆಂಡ್. ಬರೀ ಕಿವಿಯಿಂದ ಹುಡುಕಿದರೆ ಒಂದು ಪೂರ್ತಿ ಅಲೆ ತಪ್ಪಿ ನಿಲ್ಲಬಹುದು.

ಐದನೇದು, ಅಳೆಯುವ ಮೈಕು. ಭಾಷಣದ ಮೈಕು ಬೇರೆ, ಅಳತಿ ಮೈಕು ಬೇರೆ. ಅಳತಿ ಮೈಕು ಎಲ್ಲ ದಿಕ್ಕಿನ ದನಿಯನ್ನೂ ಒಂದೇ ಸಮ ಹಿಡೀತದ, ತನ್ನ ಕಡೆಯಿಂದ ಏನೂ ಕೂಡಿಸಂಗಿಲ್ಲ, ಕಳೆಯಂಗಿಲ್ಲ. ಲ್ಯಾಪ್‌ಟಾಪಿಗೆ ಒಂದು ಸಣ್ಣ ಸೌಂಡ್ ಕಾರ್ಡ್ ಹಚ್ಚಿ ಇದನ್ನ ಜೋಡಿಸ್ತಾರ. ದೊಡ್ಡ ಕಾರ್ಯಕ್ರಮದವರು ಸ್ಮಾರ್ಟ್ ಅನ್ನೋ ಸಾಫ್ಟ್‌ವೇರ್ ಬಳಸ್ತಾರ, ಅದಕ್ಕ ರೊಕ್ಕ ಕೊಡಬೇಕು. ರೂಮ್ ಇಕ್ಯೂ ವಿಝಾರ್ಡ್ ಅನ್ನೋದು ಪುಕ್ಕಟೆ ಸಿಗ್ತದ. ಕಲಿಯಲಿಕ್ಕೆ ಅದು ಸಾಕು. ಕೆಲಸದ ರೀತಿ ಇಷ್ಟೇ: ಗೊತ್ತಿರುವ ಒಂದು ದನಿಯನ್ನ ಬಾಕ್ಸಿನಿಂದ ಬಿಡೋದು, ಮೈಕಿಗೆ ಏನು ಬಂತು ನೋಡೋದು, ಕೊಟ್ಟದ್ದಕ್ಕೂ ಬಂದದ್ದಕ್ಕೂ ಫರಕು ತೆಗೆಯೋದು. ದುಕಾನಿನ ಲೆಕ್ಕದ ಹಾಂಗ. ಆ ದನಿ ಕೆಳಗಿನಿಂದ ಮೇಲಕ್ಕ ಜಾರುವ ಸ್ವೀಪ್ ಇರಬಹುದು, ಇಲ್ಲಾ ಮಳೆ ಸುರಿದ ಹಾಂಗ ಕೇಳಿಸುವ ಪಿಂಕ್ ನಾಯ್ಸ್ ಇರಬಹುದು.

ಒಂದೇ ಜಾಗದಲ್ಲಿ ಅಳೆದು ಮುಗಿಸಬ್ಯಾಡ್ರಿ. ಮುಂದ, ನಡುವೆ, ಹಿಂದ, ಎರಡೂ ಬದಿ, ಹೀಗೆ ಕನಿಷ್ಠ ಐದು ಜಾಗ. ಮಿಕ್ಸರ್ ಹತ್ತಿರ ಚಲೋ ಕೇಳಿಸಿದರೆ ಎಲ್ಲಾ ಚಲೋ ಅಂತ ತಿಳಿಯೋದು ನಮ್ಮಂಥ ಆಪರೇಟರುಗಳ ದೊಡ್ಡ ರೋಗ. ಐದೂ ಜಾಗದಲ್ಲಿ ಒಂದೇ ಕಡೆ ಉಬ್ಬು ಕಂಡರೆ ಅದನ್ನ ಈಕ್ವಲೈಜರಿನಿಂದ ಇಳಿಸ್ರಿ. ಒಂದೇ ಜಾಗದಲ್ಲಿ ತಗ್ಗು ಕಂಡರೆ ಮುಟ್ಟಬ್ಯಾಡ್ರಿ. ಆ ತಗ್ಗು ಎರಡು ಬಾಕ್ಸಿನ ದನಿ ಒಂದನ್ನೊಂದು ಕಳೆದದ್ದರಿಂದ ಆದದ್ದು ಇರಬಹುದು. ಅಲ್ಲಿ ಎಷ್ಟು ಸುರಿದರೂ ತುಂಬಂಗಿಲ್ಲ, ತೂತು ಬಿದ್ದ ಕೊಡದ ಹಾಂಗ. ಅದಕ್ಕ ಬಾಕ್ಸಿನ ಜಾಗ, ದಿಕ್ಕು, ಡಿಲೇ ಸರಿ ಮಾಡಬೇಕು. ಅದಕ್ಕೇ ಕ್ರಮ ಹೀಗೆ: ಮೊದಲು ಜಾಗ, ಆಮೇಲೆ ದಿಕ್ಕು, ಆಮೇಲೆ ಪ್ಲಸ್-ಮೈನಸ್, ಆಮೇಲೆ ಮಟ್ಟ ಮತ್ತು ಡಿಲೇ, ಎಲ್ಲಕ್ಕೂ ಕಡೀಕ ಈಕ್ವಲೈಜರ್. ನಾವು ಮಾಡೋದು ಪೂರ್ತಿ ಉಲ್ಟಾ. ಮೊದಲೇ ಈಕ್ವಲೈಜರಿನ ಗುಂಡಿಗೆ ಕೈ ಹಾಕ್ತೀವಿ.

ಮೈಕು, ಲ್ಯಾಪ್‌ಟಾಪ್ ಏನೂ ಇಲ್ಲದವರಿಗೆ ನಾನೊಂದು ಪರೀಕ್ಷೆ ಮಾಡಿಕೊಂಡೀನಿ. ಒಬ್ಬ ಹುಡುಗ ವೇದಿಕೆ ಮೇಲೆ ನಿಂತು ಇಪ್ಪತ್ತು ಶಬ್ದ ಓದಬೇಕು. ಕಾಲು, ಪಾಲು, ಸಾಲು, ಹಾಲು. ಹದಿನಾರು, ಹದಿನೇಳು, ಹದಿನಾಲ್ಕು, ಹದಿನೈದು. ಹಿಂಗ ಒಂದೇ ಅಕ್ಷರದಲ್ಲಿ ಫರಕು ಇರೋವು, ಕಲಸಿ, ಕ್ರಮ ಇಲ್ಲದೆ. ಕಡೀ ಸಾಲಿನಲ್ಲಿ ಇಬ್ಬರು ಕೂತು ಕೇಳಿದ್ದನ್ನ ಬರೀಬೇಕು. ಒಬ್ಬರು ವಯಸ್ಸಾದವರು ಇರಲಿ, ಬರೆಯಲಿಕ್ಕೆ ಬರದಿದ್ದರೆ ಬಾಯಿಂದ ಹೇಳಲಿ. ಇಪ್ಪತ್ತಕ್ಕ ಹದಿನೆಂಟು ಸರಿ ಬಂದರೆ ಸಭೆ ಶುರು ಮಾಡ್ರಿ. ಹತ್ತೇ ಬಂದರೆ ಬಾಕ್ಸು ಇಳಿಸಿ ಮತ್ತೆ ಕಟ್ರಿ. ‘ಹಲೋ ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ’ ಅನ್ನೋದು ಪರೀಕ್ಷೆ ಅಲ್ಲ. ಮುಂದಿನ ಶಬ್ದ ಯಾವುದು ಅಂತ ಎಲ್ಲರಿಗೂ ಗೊತ್ತಿರ್ತದ!

ಈಗ ಕಿವಿಯ ಮಾತು, ಕಾಯ್ದೆಯ ಮಾತು. ಹುಡುಗರಿಗೆ ಇದು ರುಚಿಸಂಗಿಲ್ಲ, ಆದರೂ ಕೇಳ್ರಿ. 85 ಡೆಸಿಬಲ್ ದನಿಯಲ್ಲಿ ದಿನಕ್ಕ ಎಂಟು ತಾಸು ಕೆಲಸ ಮಾಡೋದು ಮಿತಿ ಅಂತ ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆಯ ಶಿಫಾರಸು ಅದ. ಪ್ರತಿ 3 ಡೆಸಿಬಲ್ ಏರಿದ ಹಾಂಗ ಆ ಹೊತ್ತು ಅರ್ಧ ಆಗ್ತದ. 88ಕ್ಕ ನಾಲ್ಕು ತಾಸು, 91ಕ್ಕ ಎರಡು, 94ಕ್ಕ ಒಂದು, 97ಕ್ಕ ಅರ್ಧ ತಾಸು, 100ಕ್ಕ ಹದಿನೈದೇ ನಿಮಿಷ. ಹಾಡು-ಕುಣಿತದ ಜಾಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾನದಂಡದಲ್ಲಿ, ಹದಿನೈದು ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದು ಅಂತ ಅದ. ಮೆರವಣಿಗೆಯಲ್ಲಿ ಬಾಕ್ಸಿಗೆ ಎದೆ ಕೊಟ್ಟು ನಾಲ್ಕು ತಾಸು ಕುಣಿಯುವ ತಮ್ಮಂದಿರೇ, ಲೆಕ್ಕ ನೀವೇ ಹಾಕ್ರಿ. ಒಳಗಿವಿಯ ಸೂಕ್ಷ್ಮ ಜೀವಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟಂಗಿಲ್ಲ. ಬಾಕ್ಸಿನ ಹತ್ತಿರ ಕೆಲಸ ಮಾಡೋರು ಕಿವಿಗೆ ಪ್ಲಗ್ ಹಾಕಿಕೊಳ್ರಿ, ಅದು ನಾಚಿಕಿ ಅಲ್ಲ.

ಕಾಯ್ದೆ ಅಂದರೆ 2000ದ ಶಬ್ದ ಮಾಲಿನ್ಯ ನಿಯಮಗಳು. ಧ್ವನಿವರ್ಧಕಕ್ಕ ಬರಹದಲ್ಲಿ ಪರವಾನಗಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಹಚ್ಚಂಗಿಲ್ಲ. ವರ್ಷಕ್ಕ ಹೆಚ್ಚಂದರೆ 15 ದಿನ, ಹಬ್ಬ-ಸಾಂಸ್ಕೃತಿಕ ಕಾರ್ಯಕ್ಕ, ರಾಜ್ಯ ಸರ್ಕಾರ ರಾತ್ರಿ 12ರ ತನಕ ಸಡಿಲಿಕೆ ಕೊಡಬಹುದು. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ನಾವು ಕಾರ್ಯಕ್ರಮ ಮಾಡುವ ಬಯಲಿನ ಗಡಿಯಲ್ಲಿ ಆ ಮಿತಿಗಿಂತ 10 ಹೆಚ್ಚು ಅಥವಾ 75, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ಶಾಂತ ವಲಯ ಆಗಬಹುದು. ಜಾಗ ಆರಿಸುವಾಗಲೇ ವಿಚಾರಿಸಿಕೊಳ್ರಿ.

‘ಬೇರೆಯವರು ಹಚ್ಚಿದರೆ ನಡೀತದ, ನಾವು ಹಚ್ಚಿದರೆ ಮಾತ್ರ ತಕರಾರು’ ಅನ್ನೋ ಮಾತು ನನಗೂ ಗೊತ್ತದ. ಅದಕ್ಕೇ ಹೇಳ್ತೀನಿ, ಅಳತಿ ನಮ್ಮ ಕೈಯಲ್ಲಿ ಇರಲಿ. ಯಾರಾದರೂ ಬಂದು ಜೋರಾಯ್ತು ಅಂದರೆ, ಜಗಳಕ್ಕ ನಿಲ್ಲೋ ಬದಲು ‘ಬರ್ರಿ, ಗಡಿಯಲ್ಲಿ ನಿಂತು ಅಳೆಯೋಣ’ ಅನ್ನೋ ಧೈರ್ಯ ನಮಗಿರಬೇಕು. ಜೋರಾಗಿದ್ದರೆ ಇಳಿಸೋ ದೊಡ್ಡತನವೂ ಇರಬೇಕು. ನಮ್ಮ ಓಣಿಯಲ್ಲೂ ಬಾಣಂತಿ ಇರ್ತಾರ, ಹೃದಯದ ಬೇನೆಯವರು ಇರ್ತಾರ, ಪರೀಕ್ಷೆಗೆ ಓದೋ ಮಕ್ಕಳು ಇರ್ತಾರ. ಒಂದು ವಿಷಯ ನೆನಪಿಡ್ರಿ: ಹಗಲು ನೆಲ ಕಾಯ್ದಾಗ ದನಿ ಮೇಲಕ್ಕ ಬಾಗಿ ಹೋಗ್ತದ, ರಾತ್ರಿ ನೆಲ ತಣ್ಣಗಾದಾಗ ಕೆಳಕ್ಕ ಬಾಗ್ತದ. ಅದಕ್ಕೇ ಹಗಲು ಪಕ್ಕದ ಓಣಿಗೆ ಕೇಳಿಸದ ದನಿ ರಾತ್ರಿ ಪಕ್ಕದ ಊರಿಗೆ ಕೇಳಿಸ್ತದ. ಮಧ್ಯಾಹ್ನದ ಮಟ್ಟವನ್ನ ರಾತ್ರಿಗೆ ಹಾಂಗೇ ಬಿಡಬ್ಯಾಡ್ರಿ.

ಇದೆಲ್ಲಾ ಇಂಗ್ಲಿಷ್ ಓದಿದವರ ವಿದ್ಯೆ, ನಮಗೆಲ್ಲಿ ಅಂತ ಯಾರೂ ಹಿಂಜರಿಬ್ಯಾಡ್ರಿ. ನಮ್ಮ ಹಿರಿಯರು ಹಲಗಿ ಬಾರಿಸೋ ಮೊದಲು ಏನು ಮಾಡ್ತಿದ್ರು? ಕಸಕಡ್ಡಿ ಉರಿ ಹಾಕಿ ಚರ್ಮ ಕಾಯಿಸ್ತಿದ್ರು. ಬೆರಳಿನಿಂದ ತಟ್ಟಿ ಕೇಳ್ತಿದ್ರು. ಸಾಲದು ಅಂದರೆ ಮತ್ತೆ ಕಾಯಿಸ್ತಿದ್ರು. ಪಕ್ಕದವನ ಹಲಗಿಗೆ ತನ್ನ ಹಲಗಿ ಹೊಂದುವ ತನಕ ಏಟು ಶುರು ಮಾಡ್ತಿರಲಿಲ್ಲ. ಕೊಡು, ಕೇಳು, ಹೋಲಿಸು, ತಿದ್ದು. ಸಾಫ್ಟ್‌ವೇರು ಮಾಡೋದೂ ಇದೇ ನಾಲ್ಕು ಕೆಲಸ. ಊರಿನ ಎಲ್ಲ ಹಬ್ಬಕ್ಕೂ, ಸಾವಿಗೂ ದನಿ ಕೊಟ್ಟವರು ನಮ್ಮವರು. ಆದರೆ ದನಿ ಕೊಟ್ಟವರಿಗೆ ಮಾತಾಡುವ ಹಕ್ಕು ಇರಲಿಲ್ಲ. ಆ ಹಕ್ಕು ಬಂದ ಮೇಲೆ ಮಾತನ್ನ ಕೆಡಿಸಿ ಕಳಿಸೋದು ಸರಿಯೇನು?

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. ನಮ್ಮ ಬಹಳ ಹುಡುಗರು ಸೌಂಡಿನ ಕೆಲಸಕ್ಕ ಹೋಗ್ತಾರ. ಟೆಂಪೋದಿಂದ ಬಾಕ್ಸು ಇಳಿಸ್ತಾರ, ಹೊರ್ತಾರ, ಕಟ್ತಾರ, ರಾತ್ರಿ ಮತ್ತೆ ಏರಿಸ್ತಾರ. ಮಿಕ್ಸರ್ ಮುಂದ ಕೂಡೋರು ಬೇರೆಯವರು. ಹೊರುವ ಕೆಲಸಕ್ಕ ಕೂಲಿ, ಅಳೆಯುವ ಕೆಲಸಕ್ಕ ಪಗಾರ. ಹೊರೋದು ಕೀಳಲ್ಲ, ನಾನೂ ಹೊತ್ತೀನಿ. ಆದರೆ ಜೀವಮಾನ ಎಲ್ಲಾ ಹೊರೋದೇ ಯಾಕ? ಈ ವಿದ್ಯೆಗೆ ಬೇಕಾಗೋ ಗಣಿತ ಏಳನೇ ಇಯತ್ತೆಯ ಗುಣಾಕಾರ, ಭಾಗಾಕಾರ. ಸಂಘದವರಿಗೆ ನನ್ನದೊಂದು ಕೋರಿಕೆ: ಈ ಸಲ ಒಂದು ಬಾಕ್ಸು ಕಡಿಮೆ ಬಾಡಿಗಿಗೆ ತರೋಣ. ಉಳಿದ ರೊಕ್ಕದಲ್ಲಿ 50 ಮೀಟರಿನ ಒಂದು ಟೇಪು, ಸಾಧ್ಯ ಆದರೆ ಒಂದು ಅಳತಿ ಮೈಕು ತಗೊಳ್ಳೋಣ. ಅವು ಸಂಘದ ಕಪಾಟಿನಲ್ಲಿ ಪುಸ್ತಕದ ಪಕ್ಕದಲ್ಲೇ ಇರಲಿ. ಕಲೀಬೇಕು ಅನ್ನೋ ಹುಡುಗ-ಹುಡುಗಿ ಯಾರೇ ಬರಲಿ, ಐತವಾರ ನಾನು ಸಮಾಜ ಮಂದಿರದಲ್ಲಿ ಕೂಡ್ತೀನಿ.

ಆ ತಪ್ಪಿನ ಮುಂದಿನ ವರ್ಷ ಅದೇ ಬಯಲಿನಲ್ಲಿ ಮತ್ತೆ ಸಭೆ ಇತ್ತು. ಅದೇ ಬೇವಿನ ಗಿಡ, ಅದೇ ಎರಡು ಭೋಂಗಾ, 130 ಮಿಲಿಸೆಕೆಂಡ್ ಡಿಲೇ. ಸಂಜೀಕ ಅಜ್ಜಿಯನ್ನ ಕರೆದು ಗಿಡದ ಬುಡಕ್ಕ ಕುರ್ಚಿ ಹಾಕಿ ಕೂಡಿಸಿದೆ. ಮೊಮ್ಮಗಳು ವೇದಿಕೆ ಮೇಲೆ ನಿಂತು ಶಬ್ದ ಓದಿದಳು, ಅಜ್ಜಿ ಒಂದೊಂದಾಗಿ ನನಗೆ ಹೇಳ್ತಾ ಹೋದಳು. ಇಪ್ಪತ್ತಕ್ಕ ಹತ್ತೊಂಬತ್ತು ಸರಿ. ತಪ್ಪಿದ್ದು ಒಂದೇ, ‘ಪಾಲು’ ಅಂದದ್ದನ್ನ ‘ಹಾಲು’ ಅಂದಳು. ‘ಪಾಲು ನಮಗ ಯಾವಾಗ ಸಿಕ್ಕದ ತಮ್ಮಾ, ಕೇಳಿ ಗೊತ್ತಿರಲಿಕ್ಕೆ’ ಅಂತ ತಾನೇ ನಕ್ಕಳು.

ಸಭೆ ಶುರುವಾಗೋ ಮೊದಲು ಯಾರಾದರೂ ಒಬ್ಬರು ಕಡೀ ಸಾಲಿಗೆ ಹೋಗಿ ಕೂಡ್ರಿ. ಅಲ್ಲಿ ಕೂತು ಕೇಳಿದ ಮೇಲೆಯೇ ಮೈಕಿನವನಿಗೆ ‘ಹೂಂ’ ಅನ್ರಿ. ಇವತ್ತು ನಾನು ಆಡಿದ್ದು ಅಲ್ಲಿ ಹಿಂದ ಬಾಗಿಲ ಹತ್ತಿರ ಕೂತ ತಾಯಂದಿರಿಗೆ ಕೇಳಿಸ್ಯದೇನು? ಕೇಳಿಸಿದ್ದರೆ ಕೈ ಎತ್ರಿ.

ಜೈ ಭೀಮ.